ಬಿಲ ತೋಡುವ ವಂಶ

ನಮ್ಮ ಡ್ಯಾಶಂಡ್ ಮರಿ ಕರಿಬೇವಿನ ಬುಡ ಕೆದರಿದಾಗೆಲ್ಲ ಮನೆಯವರು ಅದನ್ನು ಬೈಯುತ್ತಾರೆ. ನಾನು ಬೈಯುವುದು ಜರ್ಮನಿಯ ಹಳೆಯ ಬೇಟೆಗಾರರನ್ನು. ಬಿಲ ಹೊಕ್ಕ ಬ್ಯಾಜರ್ ಎಂಬ ಪ್ರಾಣಿಯನ್ನು ಹಿಡಿಯಲೆಂದು ಗಿಡ್ಡ ಕಾಲು, ನೀಳ ಮೈ, ಸಲಿಕೆಯಂಥ ಮುಂಗಾಲುಗಳ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಹಾಕಿಸಿದವರು ಅವರೇ. ನೆಲದಡಿಯಿಂದ ನಾಯಿ ಬೊಗಳಿದರೆ ಎಲ್ಲಿ ಅಗೆಯಬೇಕೆಂದು ಮೇಲಿದ್ದವರಿಗೆ ಗೊತ್ತಾಗುತ್ತಿತ್ತು. ಆ ಗಂಟಲು ಇನ್ನೂ ಹಾಗೇ ಇದೆ, ಪಕ್ಕದ ಮನೆಯವರನ್ನು ಕೇಳಿ! 1888ರಲ್ಲಿ ಜರ್ಮನಿಯಲ್ಲಿ ಈ ತಳಿಗೊಂದು ಸಂಘವೂ ಹುಟ್ಟಿತು. ಇಂಗ್ಲೆಂಡಿನಲ್ಲಿ ನರಿ ಬೇಟೆಯ ಹುಚ್ಚಿದ್ದ ಪಾದ್ರಿ ಜಾನ್ ರಸೆಲ್ ಬೆಳೆಸಿದ ಟೆರಿಯರ್‌ಗಳದ್ದೂ ಬಿಲದ ಕೆಲಸವೇ.

ಇಷ್ಟು ಕಾಲ ರೂಢಿಸಿದ್ದನ್ನು ಗದರಿಕೆಯಿಂದ ಬಿಡಿಸಲಾದೀತೇ? ಹಿತ್ತಲ ಮೂಲೆಗೆ ಮರಳು ಸುರಿದು ಮರಿಯ ಆಟಿಕೆ ಹೂತಿಟ್ಟೆ. ಕರಿಬೇವಿನ ಸುತ್ತ ಚಪ್ಪಡಿ ಹಾಸಿದೆ. ಈಗ ಅಗೆತವೆಲ್ಲ ಹೆಚ್ಚುಕಡಿಮೆ ಮರಳಿನಲ್ಲೇ.