ಹುಚ್ಚುನಾಯಿ ಅಂತ ತೀರ್ಮಾನ ಮಾಡಿದ್ದು ಯಾರು? ರಾಯಚೂರು, ದೇವದುರ್ಗ, ಮಾನ್ವಿಯಿಂದ ಒಂದು ವಿವರಣೆ

ಬದುಕಿರುವ ನಾಯಿಗೆ ರೇಬೀಸ್ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ರಾಯಚೂರಿನಲ್ಲಿ ಮಾತ್ರ ಅಲ್ಲ, ಬೆಂಗಳೂರಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಬೀದಿನಾಯಿಗಳ ಬಗ್ಗೆ ನಮ್ಮ ಫೋನುಗಳಲ್ಲಿ ನಡೆಯುವ ಜಗಳದಲ್ಲಿ ಎರಡೂ ಕಡೆಯವರು ಈ ಒಂದು ಸಂಗತಿಯನ್ನು ಬಿಟ್ಟೇ ಮಾತಾಡ್ತಾರೆ. ‘ರೇಬೀಸ್ ಇರೋ ನಾಯಿಗಳನ್ನ ಮಾತ್ರ ಹಿಡೀರಿ’ ಅನ್ನೋದು ಸುಲಭ. ಹಿಡಿದ ಮೇಲೆ ‘ಇದೆ’ ಅಂತ ಹೇಳೋರು ಯಾರು, ಹೇಗೆ, ಎಲ್ಲಿ ಕೂತು?

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲಿ ಸಂತಾನಹರಣ ಮಾಡಿ, ಲಸಿಕೆ ಹಾಕಿ ನಾಯಿಗಳನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಎಂದಿತು. ವಿನಾಯಿತಿ ಇದ್ದದ್ದು ರೇಬೀಸ್ ತಗುಲಿದ, ರೇಬೀಸ್ ಶಂಕೆಯಿರುವ ಮತ್ತು ಆಕ್ರಮಣಕಾರಿ ನಾಯಿಗಳಿಗೆ. ಆದೇಶದ ಇಡೀ ಭಾರ ಆ ‘ಶಂಕೆ’ ಎಂಬ ಪದದ ಮೇಲೆ ಕೂತಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತವೆ: ಸ್ಥಳೀಯ ಸಂಸ್ಥೆ ನೇಮಿಸಿದ ಪಶುವೈದ್ಯರು ಮತ್ತು ಪ್ರಾಣಿ ಕಲ್ಯಾಣ ಸಂಸ್ಥೆಯ ಪ್ರತಿನಿಧಿಯೊಬ್ಬರು ಸೇರಿ ನಾಯಿಯನ್ನು ನೋಡಬೇಕು, ರೇಬೀಸ್ ಇರುವ ಸಾಧ್ಯತೆ ಹೆಚ್ಚು ಅನಿಸಿದರೆ ಅದು ತಾನಾಗಿಯೇ ಸಾಯುವವರೆಗೆ ಪ್ರತ್ಯೇಕವಾಗಿ ಇಡಬೇಕು. ಅಂದರೆ ಕಾನೂನು ಕೂಡ ಲಕ್ಷಣ ನೋಡಿ ಊಹಿಸು, ಕಾದು ನೋಡು ಅಂತಲೇ ಹೇಳ್ತಿದೆ. ಸದ್ಯದ ವಿಜ್ಞಾನಕ್ಕೆ ಅದು ಸರಿಯೇ.

ತೊಂದರೆ ಶುರುವಾಗೋದು ನಾಯಿ ಸತ್ತ ನಂತರ. ಅಲ್ಲಿಂದಾಚೆಗೆ ಊಹೆ ಬೇಕಿಲ್ಲ, ಪಕ್ಕಾ ಪರೀಕ್ಷೆ ಇದೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ನಾಯಿಗಳು ಆ ಪರೀಕ್ಷೆಗೆ ಹೋಗದೆ ಮಣ್ಣಿಗೆ ಹೋಗುತ್ತವೆ.

ಪರೀಕ್ಷೆ ನಡೆಯೋದು ಹೇಗೆ

ರೇಬೀಸ್ ವೈರಸ್ ಕಚ್ಚಿದ ಜಾಗದಿಂದ ನರಗಳ ಮೂಲಕ ಮೆದುಳಿಗೆ ಏರುತ್ತದೆ, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ಇಳಿಯುತ್ತದೆ. ರಕ್ತದಲ್ಲಿ ಅದು ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಜೊಲ್ಲಿನಲ್ಲಿ ಸಿಗಬಹುದು, ಆದರೆ ಬಿಟ್ಟುಬಿಟ್ಟು ಬರುತ್ತದೆ. ಹಾಗಾಗಿ ಜೊಲ್ಲಿನ ಪಿಸಿಆರ್ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ಅದರಿಂದ ಏನೂ ಸಾಬೀತಾಗದು. ನಾಯಿಯನ್ನು ಯುರೋಪಿಗೆ ಕರೆದೊಯ್ಯುವವರು ಮಾಡಿಸುವ ‘ರೇಬೀಸ್ ರಕ್ತಪರೀಕ್ಷೆ’ ಬೇರೆಯದೇ. ಅದು ರೋಗವನ್ನಲ್ಲ, ಹಾಕಿಸಿದ ಲಸಿಕೆಗೆ ದೇಹ ಸಾಕಷ್ಟು ಪ್ರತಿಕಾಯ ತಯಾರಿಸಿದೆಯಾ ಅಂತ ನೋಡುತ್ತದೆ. ಈ ಎರಡನ್ನು ಗೊಂದಲ ಮಾಡಿಕೊಂಡು ‘ನಮ್ ನಾಯಿ ರೇಬೀಸ್ ಟೆಸ್ಟ್ ಪಾಸಾಗಿದೆ’ ಅನ್ನೋರು ಇದ್ದಾರೆ.

ಜಗತ್ತು ಒಪ್ಪಿರುವ ಮಾನದಂಡ ಎಫ್‌ಎಟಿ. ಸತ್ತ ಪ್ರಾಣಿಯ ಮೆದುಳಿನ ಕಾಂಡ ಮತ್ತು ಕಿರುಮೆದುಳಿನ ಚೂರನ್ನು ಗಾಜಿನ ಮೇಲೆ ಒತ್ತಿ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯವನ್ನು ಅದರ ಮೇಲೆ ಹಾಕುತ್ತಾರೆ. ವೈರಸ್ ಇದ್ದರೆ ವಿಶೇಷ ಸೂಕ್ಷ್ಮದರ್ಶಕದಲ್ಲಿ ಸೇಬು ಹಸಿರು ಬಣ್ಣದ ಚುಕ್ಕೆಗಳು ಮಿನುಗುತ್ತವೆ. ಕೆಲವೇ ಗಂಟೆಗಳ ಕೆಲಸ. ಕರ್ನಾಟಕದಲ್ಲಿ ಪ್ರಾಣಿಗಳಿಗೆ ಇದರ ದೊಡ್ಡ ವಿಳಾಸ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯ. ಅದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮಾನ್ಯ ಮಾಡಿದ ರೆಫರೆನ್ಸ್ ಲ್ಯಾಬ್. ಮನುಷ್ಯರ ಮಾದರಿಗಳಿಗೆ ಅದೇ ಊರಿನ ನಿಮ್ಹಾನ್ಸ್ ಇದೆ. ಜಗತ್ತಿನ ದರ್ಜೆಯ ಎರಡು ಲ್ಯಾಬ್ ಒಂದೇ ನಗರದಲ್ಲಿ. ರಾಯಚೂರಿನಿಂದ ಅಲ್ಲಿಗೆ 400 ಕಿಲೋಮೀಟರ್ ಮೇಲಾಯಿತು. ದೇವದುರ್ಗದ ಹಳ್ಳಿಯಿಂದ ಹೊರಟರೆ ಮೊದಲು ರಾಯಚೂರು ಮುಟ್ಟೋಕೇ ಸುಮಾರು 50 ಕಿಲೋಮೀಟರ್ ಆಗುತ್ತದೆ.

ದೂರವೊಂದೇ ಸಮಸ್ಯೆ ಅಲ್ಲ. ದೇವದುರ್ಗ ಕಡೆ ‘ನಾಯಿಗಿ ಹುಚ್ಚು ಹಿಡದದ’ ಅಂತ ಒಮ್ಮೆ ಸುದ್ದಿಯಾದರೆ ಓಣಿಯ ಜನ ಬಡಿಗೆ ಹಿಡಿದು ಬರುತ್ತಾರೆ, ಮೊದಲ ಏಟು ತಲೆಗೇ ಬೀಳುತ್ತದೆ. ಭಯ ಅರ್ಥವಾಗುವಂಥದ್ದೇ, ಅಂಗಳದಲ್ಲಿ ಮಕ್ಕಳಿರ್ತಾರೆ. ಆದರೆ ಉತ್ತರ ಇರೋದು ಅದೇ ತಲೆಯೊಳಗೆ. ಮೆದುಳು ಜಜ್ಜಿಹೋದರೆ, ಕೊಳೆತರೆ, ಯಾವ ಭಾಗ ಯಾವುದು ಅಂತ ಗೊತ್ತಾಗದಿದ್ದರೆ ಲ್ಯಾಬ್ ‘ನೆಗೆಟಿವ್’ ಅಂತ ಧೈರ್ಯವಾಗಿ ಹೇಳೋಕಾಗಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬಿದ್ದ ದೇಹದಿಂದ ಒಳ್ಳೆಯ ಮಾದರಿ ಸಿಗೋದು ಕಷ್ಟ. ಇನ್ನು ಕೆಡದಿರಲಿ ಅಂತ ಫಾರ್ಮಲಿನ್‌ನಲ್ಲಿ ಅದ್ದಿ ಕಳಿಸಿದರೆ ಮಾಮೂಲಿ ಎಫ್‌ಎಟಿಗೆ ಅದು ಕೆಲಸಕ್ಕೆ ಬರಲ್ಲ. ಬೇಕಾಗಿರೋದು ಐಸ್.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಧಾನ ಇದೆ. ಮೆದುಳು ತೆಗೆಯೋಕೆ ತಲೆಬುರುಡೆ ಒಡೆಯಬೇಕು, ಅದಕ್ಕೆ ಗರಗಸ, ಶವಪರೀಕ್ಷೆಯ ಕೋಣೆ ಬೇಕು ಎಂದೇ ಬಹಳ ಜನ ಅಂದುಕೊಂಡಿರುತ್ತಾರೆ. ಬೇಕಿಲ್ಲ. ಕತ್ತಿನ ಹಿಂದೆ, ಬೆನ್ನುಹುರಿ ಬುರುಡೆಯೊಳಗೆ ಹೋಗುವ ರಂಧ್ರದ ಮೂಲಕ ಒಂದು ಪ್ಲಾಸ್ಟಿಕ್ ಸ್ಟ್ರಾವನ್ನು ಕಣ್ಣಿನ ದಿಕ್ಕಿಗೆ ತೂರಿಸಿದರೆ ಬೇಕಾದ ಭಾಗಗಳ ಚೂರು ಅದರೊಳಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಗಳಲ್ಲೇ ಇರುವ ವಿಧಾನ ಇದು. ಎಳನೀರು ಕುಡಿಯೋ ಸ್ಟ್ರಾ! ಎಂಜಿನಿಯರಿಂಗ್ ಓದಿದ ನನಗೆ ಇಂಥ ಪರಿಹಾರ ಕಂಡರೆ ಖುಷಿ. ಆದರೆ ಇದನ್ನು ಮಾಡುವವರು ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು, ಕೈಗವಸು, ಕನ್ನಡಕ, ಮಾಸ್ಕ್ ಇರಬೇಕು. ಉತ್ಸಾಹಿ ಯುವಕರು ಯೂಟ್ಯೂಬ್ ನೋಡಿ ಮಾಡೋ ಕೆಲಸ ಖಂಡಿತ ಅಲ್ಲ.

ಎಫ್‌ಎಟಿಗೆ ಬದಲಾಗಿ ಡಿಆರ್‌ಐಟಿ ಎಂಬ ಪರೀಕ್ಷೆಯೂ ಇದೆ. ಅದಕ್ಕೆ ವಿಶೇಷ ಸೂಕ್ಷ್ಮದರ್ಶಕ ಬೇಡ, ಕಾಲೇಜಿನ ಬಯಾಲಜಿ ಲ್ಯಾಬಲ್ಲಿರುವ ಮಾಮೂಲಿಯದು ಸಾಕು. ಪ್ರತಿಕಾಯದ ರಾಸಾಯನಿಕ ಮತ್ತು ತರಬೇತಾದ ಕೈ ಇದ್ದರೆ ಜಿಲ್ಲಾ ಕೇಂದ್ರದಲ್ಲೇ ಮಾಡಬಹುದು. ಕೋವಿಡ್ ಕಿಟ್ ಥರದ, ಗೆರೆ ಮೂಡುವ ರೇಬೀಸ್ ಕಿಟ್‌ಗಳೂ ಮಾರುಕಟ್ಟೆಯಲ್ಲಿವೆ. ಅವಕ್ಕೂ ಮೆದುಳಿನ ಮಾದರಿಯೇ ಬೇಕು, ಗುಣಮಟ್ಟ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಒಂದು ಕಿಟ್ 100 ರೇಬೀಸ್ ನಾಯಿಗಳಲ್ಲಿ 80ನ್ನು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಉಳಿದ 20ರ ಮಾಲೀಕರಿಗೆ ‘ಏನಿಲ್ಲ, ಆರಾಮಿರಿ’ ಅಂತ ಚೀಟಿ ಸಿಗುತ್ತದೆ. ಗರ್ಭಧಾರಣೆ ಕಿಟ್ ಸುಳ್ಳು ಹೇಳಿದರೆ ವಾರ ಬಿಟ್ಟು ಇನ್ನೊಂದು ಮಾಡಬಹುದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮನುಷ್ಯನಿಗೆ ಆ ವಾರ ಇರೋದಿಲ್ಲ. ಕಿಟ್ ಪಾಸಿಟಿವ್ ಆದರೆ ತಕ್ಷಣ ಓಡಾಡೋಕೆ ಅದು ಉಪಯುಕ್ತ, ನೆಗೆಟಿವ್ ಆದರೆ ಲ್ಯಾಬ್‌ಗೆ ಕಳಿಸಲೇಬೇಕು.

ಎಲ್ಲ ಹುಚ್ಚೂ ರೇಬೀಸ್ ಅಲ್ಲ

ಡಿಸ್ಟೆಂಪರ್ ಎಂಬ ವೈರಸ್ ರೋಗ ನಾಯಿಯ ಮೆದುಳಿಗೆ ಹೋದಾಗ ಬಾಯಲ್ಲಿ ನೊರೆ, ಚೂಯಿಂಗ್ ಗಮ್ ಜಗಿದಂತೆ ದವಡೆಯ ಸೆಳೆತ, ದಿಕ್ಕುತಪ್ಪಿದ ನಡಿಗೆ ಎಲ್ಲ ಕಾಣುತ್ತವೆ. ಅದು ಮನುಷ್ಯರಿಗೆ ಹರಡಲ್ಲ. ಆದರೆ ಓಣಿಯಲ್ಲಿ ನಿಂತು ನೋಡೋರಿಗೆ ಅದೂ ‘ಹುಚ್ಚುನಾಯಿ’ಯೇ. ಇದಕ್ಕೆ ವಿರುದ್ಧವಾಗಿ ರೇಬೀಸಿನ ಪಾರ್ಶ್ವವಾಯು ರೂಪದಲ್ಲಿ ನಾಯಿ ಯಾರನ್ನೂ ಅಟ್ಟಿಸಿಕೊಂಡು ಹೋಗಲ್ಲ, ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ, ದವಡೆ ಜೋತುಬಿದ್ದಿರುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂದುಕೊಂಡು ಪ್ರೀತಿಯಿಂದ ಬಾಯೊಳಗೆ ಕೈ ಹಾಕೋರು ಇರ್ತಾರೆ. ಹೊಡೆಸಿಕೊಂಡದ್ದು ರೇಬೀಸ್ ಇಲ್ಲದ ನಾಯಿ, ಮುದ್ದು ಮಾಡಿಸಿಕೊಂಡದ್ದು ಇದ್ದ ನಾಯಿ. ಪರೀಕ್ಷೆ ಇಲ್ಲದ ಊರಲ್ಲಿ ಇವೆರಡೂ ನಡೆಯುತ್ತವೆ.

ಉಳಿದ ರೋಗಗಳ ಪರೀಕ್ಷೆಗೂ ಅದರದರ ತಕರಾರಿದೆ, ಬೇಗ ಹೇಳಿ ಮುಗಿಸ್ತೀನಿ. ಮರಿಗಳ ರಕ್ತಭೇದಿಗೆ ಪಾರ್ವೋ ಕಿಟ್ ಇದೆ, ಹತ್ತು ಹದಿನೈದು ನಿಮಿಷದ ಕೆಲಸ. ರೋಗದ ಮೊದಲ ದಿನಗಳಲ್ಲಿ ತಪ್ಪಾಗಿ ನೆಗೆಟಿವ್, ಲಸಿಕೆ ಹಾಕಿದ ಕೆಲವು ದಿನಗಳೊಳಗೆ ತಪ್ಪಾಗಿ ಪಾಸಿಟಿವ್ ಬರಬಹುದು. ಬೆಕ್ಕಿನ ಪ್ಯಾನ್‌ಲ್ಯೂಕೋಪೀನಿಯಾಕ್ಕೂ ಎಷ್ಟೋ ವೈದ್ಯರು ಅದೇ ನಾಯಿ ಕಿಟ್ ಬಳಸುತ್ತಾರೆ, ವೈರಸ್‌ಗಳು ಹತ್ತಿರದ ಸಂಬಂಧಿಗಳಾದ್ದರಿಂದ ಅದು ಕೆಲಸ ಮಾಡುತ್ತದೆ. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಜ್ವರದ ಪ್ರತಿಕಾಯ ಕಿಟ್ ಹಿಂದೊಮ್ಮೆ ಬಂದುಹೋದದ್ದಕ್ಕೂ ಈಗ ಇರೋದಕ್ಕೂ ವ್ಯತ್ಯಾಸ ಹೇಳಲ್ಲ. ಮನುಷ್ಯರ ಲ್ಯಾಬ್‌ನ ಯಂತ್ರಕ್ಕೆ ಬೆಕ್ಕಿನ ರಕ್ತ ಕೊಟ್ಟರೆ ಪ್ಲೇಟ್‌ಲೆಟ್ ಎಣಿಕೆಯನ್ನು ನಂಬಬೇಡಿ. ಬೆಕ್ಕಿನ ಪ್ಲೇಟ್‌ಲೆಟ್ ದೊಡ್ಡವು, ಕೆಂಪು ಕಣ ಸಣ್ಣವು, ಯಂತ್ರ ಎರಡನ್ನೂ ಕಲಸಿಬಿಡುತ್ತದೆ. ಮಾನ್ವಿಯಲ್ಲೇ ಇದ್ದು ಮಾಡಬಹುದಾದ ಉತ್ತಮ ಕೆಲಸ ಅಂದರೆ ರಕ್ತ ತೆಗೆದ ಕೂಡಲೇ ಗಾಜಿನ ಮೇಲೆ ತೆಳುವಾಗಿ ಎಳೆದು ಒಣಗಿಸೋದು. ಟ್ಯೂಬಿನ ರಕ್ತ ಬಿಸಿಲಿಗೆ ಕೆಡುತ್ತದೆ. ಒಣಗಿದ ಸ್ಲೈಡ್ ಮಾತ್ರ ಬಸ್ಸಲ್ಲಿ ಕೂತು ರಾಯಚೂರಿಗೋ ಹೈದರಾಬಾದಿಗೋ ಆರಾಮಾಗಿ ಹೋಗುತ್ತದೆ.

54 ಮತ್ತು 5,726

2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತದ ಪ್ರಕರಣಗಳು, 54 ಶಂಕಿತ ರೇಬೀಸ್ ಸಾವುಗಳು ಆಗಿವೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿ, ಅದರ ಮೇಲೆ ಲೆಕ್ಕ ಹಾಕಿ ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ನಲ್ಲಿ ಪ್ರಕಟಿಸಿದ ಅಂದಾಜು ವರ್ಷಕ್ಕೆ 5,726 ಸಾವು. ಒಂದು ವರದಿಯಾದ ಸಂಖ್ಯೆ, ಇನ್ನೊಂದು ಅಂದಾಜು, ಎರಡೂ ಒಂದೇ ಅಲ್ಲ ನಿಜ. ಆದರೂ ನೂರು ಪಟ್ಟು ವ್ಯತ್ಯಾಸ ಇದೆ. ನನ್ನ ಓದಿನಲ್ಲಿ ಈ ಕಂದಕದ ದೊಡ್ಡ ಭಾಗ ಪರೀಕ್ಷೆಯ ಕೊರತೆಯದ್ದು. ನಾಯಿ ಪರೀಕ್ಷೆಯಾಗಲ್ಲ, ಮನುಷ್ಯ ಮನೆಯಲ್ಲೇ ಸಾಯ್ತಾನೆ, ಸತ್ತಿದ್ದು ಯಾವುದರಿಂದ ಅಂತ ಕಾಗದದ ಮೇಲೆ ಬರಲ್ಲ. ಕಾಗದದಲ್ಲಿ ಇಲ್ಲದ ರೋಗಕ್ಕೆ ಬಜೆಟ್ ಇರಲ್ಲ.

ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಕಚ್ಚಿದ ಗಾಯ ನೋಡೋದು ಆರೋಗ್ಯ ಇಲಾಖೆ, ಕಚ್ಚಿದ ನಾಯಿ ನೋಡೋದು ಪಶುಪಾಲನಾ ಇಲಾಖೆ, ನಾಯಿಯ ಹೆಣ ಎತ್ತೋದು ಪುರಸಭೆ. ಮೂರೂ ಕಡತ ಒಂದೇ ಟೇಬಲ್ಲಿಗೆ ಬರಬೇಕಲ್ಲ? ಗೋವಾದಲ್ಲಿ ಇದನ್ನೇ ಮಾಡಿದರು. ಸಾಮೂಹಿಕ ಲಸಿಕೆ, ಜನ ಕರೆ ಮಾಡುವ ಸಹಾಯವಾಣಿ, ಶಂಕಿತ ನಾಯಿಯನ್ನು ಹೋಗಿ ನೋಡುವ ತಂಡ, ಸತ್ತ ನಾಯಿಯ ಮೆದುಳನ್ನು ಪರೀಕ್ಷಿಸುವ ಲ್ಯಾಬ್, ಎಲ್ಲವೂ ಒಂದೇ ಸರಪಳಿ. ಎಲ್ಲಿ ಪಾಸಿಟಿವ್ ಬಂತೋ ಆ ಬೀದಿಗೆ ಲಸಿಕೆ ತಂಡ ಹೋಗುತ್ತಿತ್ತು. 2021ರಲ್ಲಿ ಅದು ತನ್ನನ್ನು ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿಕೊಂಡಿತು. ಗೋವಾ ಶ್ರೀಮಂತ, ಸಣ್ಣ ರಾಜ್ಯ ಅಂತ ವಾದ ಬರುತ್ತೆ. ನಾವು ಇಡೀ ಕರ್ನಾಟಕದ ಮಾತಾಡೋದು ಬೇಡ, ಒಂದು ಜಿಲ್ಲೆಯ ಮಾತಾಡೋಣ.

ರಾಯಚೂರು ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆ. ಏಮ್ಸ್ ಬೇಕು ಅಂತ 2022ರಿಂದ ಇಲ್ಲಿ ಜನ ಧರಣಿ ಕೂತಿದ್ದಾರೆ, ಆ ಬೇಡಿಕೆ ನ್ಯಾಯವಾದದ್ದು. ಅದಕ್ಕೆ ಸಾವಿರಾರು ಕೋಟಿ ಬೇಕು, ದಿಲ್ಲಿಯ ಮನಸ್ಸು ಬೇಕು. ನಾನು ಹೇಳ್ತಿರೋದಕ್ಕೆ ದೇವದುರ್ಗ ಮತ್ತು ಮಾನ್ವಿಯ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಹಾಕಿಸಿಕೊಂಡ ಇಬ್ಬರು ಸಿಬ್ಬಂದಿ, ಸ್ಟ್ರಾ, ಐಸ್ ಪೆಟ್ಟಿಗೆ ಬೇಕು. ರಾಯಚೂರಿನಲ್ಲಿ ಡಿಆರ್‌ಐಟಿ ಮಾಡುವ ಒಂದು ಕೋಣೆ, ಅನುಮಾನ ಬಂದದ್ದನ್ನು ಹೆಬ್ಬಾಳಕ್ಕೆ ಕಳಿಸುವ ವ್ಯವಸ್ಥೆ ಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ರಾಜ್ಯ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಅದರಲ್ಲಿ ಇದು ಕಣ್ಣಿಗೂ ಕಾಣದಷ್ಟು ಖರ್ಚು.

ಕಚ್ಚಿದರೆ

ಪರೀಕ್ಷೆಯ ಬಗ್ಗೆ ಇಷ್ಟು ಬರೆದ ಮೇಲೆ ಒಂದು ಮಾತು ಸ್ಪಷ್ಟ ಮಾಡಲೇಬೇಕು: ಚಿಕಿತ್ಸೆ ಯಾವ ಪರೀಕ್ಷೆಗೂ ಕಾಯಬಾರದು. ನಾಯಿಯೋ ಬೆಕ್ಕೋ ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, 15 ನಿಮಿಷ ಅಂದುಕೊಂಡದ್ದಕ್ಕಿಂತ ಉದ್ದ ಇರುತ್ತದೆ. ಅರಿಶಿನ, ಖಾರದ ಪುಡಿ, ಸುಣ್ಣ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯ ದಿನಗಳು 0, 3, 7, 28. ಚರ್ಮ ಸೀಳಿ ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಅದನ್ನು ಗಾಯದ ಸುತ್ತಲೇ ಚುಚ್ಚಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ.

ಕಚ್ಚಿದ ನಾಯಿ ಅಥವಾ ಬೆಕ್ಕು ಗುರುತು ಸಿಕ್ಕರೆ ಕೊಲ್ಲಬೇಡಿ, 10 ದಿನ ಕಟ್ಟಿ ನೋಡಿ. ಅಷ್ಟು ದಿನ ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ, ಉಳಿದ ಡೋಸ್‌ಗಳ ಬಗ್ಗೆ ವೈದ್ಯರು ತೀರ್ಮಾನಿಸ್ತಾರೆ. ಈ ಲೆಕ್ಕ ನಾಯಿ ಬೆಕ್ಕುಗಳಿಗೆ ಮಾತ್ರ, ಕೋತಿಗೆ, ನರಿಗೆ, ಮುಂಗುಸಿಗೆ ಅಲ್ಲ. ಆ 10 ದಿನದೊಳಗೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ನೆರಳಿಗೆ ಸರಿಸಿ, ಪಶು ಆಸ್ಪತ್ರೆಗೆ ಲಿಖಿತವಾಗಿ ತಿಳಿಸಿ ಮಾದರಿ ತೆಗೆಯಲು ಕೇಳಿ. ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಮಾಹಿತಿ ಹಕ್ಕು ಅರ್ಜಿ ಹಾಕುವ ಅಭ್ಯಾಸ ಇರೋರಿಗೆ ಮೂರು ಪ್ರಶ್ನೆ. ಕಳೆದ 5 ವರ್ಷಗಳಲ್ಲಿ ರಾಯಚೂರು ಜಿಲ್ಲೆಯಿಂದ ರೇಬೀಸ್ ಪರೀಕ್ಷೆಗೆ ಕಳಿಸಿದ ನಾಯಿ, ಬೆಕ್ಕುಗಳ ಮಾದರಿಗಳು ತಾಲ್ಲೂಕುವಾರು ಎಷ್ಟು? ಅವುಗಳಲ್ಲಿ ಪಾಸಿಟಿವ್ ಎಷ್ಟು, ಮಾದರಿ ಕೆಟ್ಟಿದೆ ಎಂದು ತಿರಸ್ಕೃತವಾದವು ಎಷ್ಟು? ಮುಂಜಾಗ್ರತಾ ರೇಬೀಸ್ ಲಸಿಕೆ ಪಡೆದ ಪಶು ಆಸ್ಪತ್ರೆ ಸಿಬ್ಬಂದಿ ಎಷ್ಟು? ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ.