ಮನೆಗೆ ಬಂದ ವಿಶ್ವವಿದ್ಯಾನಿಲಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಮದರಾಸು ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ್ದು ೧೯೫೩ರ ಅಕ್ಟೋಬರ್ ೧ರಂದು. ೧೯೮೦ರಲ್ಲಿ ಗುಲ್ಬರ್ಗದಲ್ಲಿಯೂ ೨೦೧೦ರಲ್ಲಿ ಬಳ್ಳಾರಿಯಲ್ಲಿಯೂ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ವಿದ್ಯಾಪೀಠವು ಹೀಗೆ ಸಮೀಪಕ್ಕೆ ಬಂದರೂ, ಬೇಸಾಯವನ್ನು ಬಿಡಲಾರದ ತರುಣನಿಗೂ ಪರವೂರಿಗೆ ಹೋಗಲು ಅಪ್ಪಣೆಯಿಲ್ಲದ ಹೆಣ್ಣುಮಗಳಿಗೂ ಅದು ದೂರವಾಗಿಯೇ ಉಳಿಯಿತು.

ಈ ದೂರವನ್ನು ಕಳೆಯಲು ಮೊದಲು ನೆರವಾದುದು ಅಂಚೆ. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಅಂಚೆಯ ಮೂಲಕ ಪಾಠಗಳನ್ನು ಕಳುಹಲಾರಂಭಿಸಿತು. ಆ ಬೀಜವೇ ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

ವಿದ್ಯೆಯೇನೋ ಮನೆಗೆ ಬಂದಿತು. ಅದಕ್ಕೆ ಮುದ್ರೆಯೊತ್ತುವ ಅಧಿಕಾರವು ದೆಹಲಿಯಲ್ಲಿಯೇ ನಿಂತಿತು. ಮುಕ್ತ ವಿಶ್ವವಿದ್ಯಾನಿಲಯವು ಎಲ್ಲೆ ಮೀರಿ ಹೊರರಾಜ್ಯಗಳಲ್ಲಿ ಕೇಂದ್ರಗಳನ್ನು ನಡೆಯಿಸಿತೆಂದು, ೨೦೧೨-೧೩ರಿಂದಾಚೆಗೆ ಅದರ ಶಿಕ್ಷಣಕ್ಕೆ ಮನ್ನಣೆಯಿಲ್ಲವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೫ರಲ್ಲಿ ಸಾರಿತು. ಮನ್ನಣೆಯು ಮರಳಿ ದೊರೆತದ್ದು ೨೦೧೮ರಲ್ಲಿ. ಎಲ್ಲೆ ಮೀರಿದವರು ಯಾರೋ, ಪದವಿಪತ್ರವನ್ನು ಹಿಡಿದು ಉದ್ಯೋಗದ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತವರು ಯಾರೋ!

ಈಗ ಅಂಚೆಯ ಸ್ಥಾನವನ್ನು ಮೊಬೈಲು ಆಕ್ರಮಿಸುತ್ತಿದೆ. ೨೦೨೦ರ ನಿಯಮಾವಳಿಯಂತೆ, ಮನ್ನಣೆಯುಳ್ಳ ಸಂಸ್ಥೆಯ ಆನ್‌ಲೈನ್ ಪದವಿಯು ಕಾಲೇಜಿನ ಪದವಿಗೆ ಸಮಾನವಾದುದು. ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಯಲ್ಲಿರುವುದು ಒಂದೇ ಮೊಬೈಲಾದರೆ ಅದು ಮಗನ ಕೈಗೋ, ಮಗಳ ಕೈಗೋ? ಇದು ಸಮಾಜದ ಪ್ರಶ್ನೆ. ರಾಜ್ಯಾಡಳಿತದ ಪ್ರಶ್ನೆಯು ಇನ್ನೊಂದು: ಕಾಲೇಜಿನ ಅಂಗಳದಲ್ಲಿ ನೂರು ಮಂದಿ ಕೂಡಿ ಕೇಳುವ ನ್ಯಾಯವನ್ನು ಇಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಿಂದ ಕೇಳಬೇಕಾಗುತ್ತದೆ. ಒಂಟಿ ದನಿಗಳು ಒಂದುಗೂಡುವ ಅಂಗಳವನ್ನೂ ಕಲ್ಪಿಸಿಕೊಟ್ಟಲ್ಲದೆ, ಮನೆಗೆ ಬಂದ ವಿಶ್ವವಿದ್ಯಾನಿಲಯವು ಮನೆಯವರದಾಗದು.