ಬಿಳಿಗಿರಿಯ ಕಾಡನ್ನು ಕಾದವರು ಯಾರು?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿ, ಆನೆ, ಕಾಟಿ ಎಲ್ಲವೂ ಇವೆ. ಅವುಗಳ ಜೊತೆಯಲ್ಲೇ ತಲೆತಲಾಂತರದಿಂದ ಸೋಲಿಗರೂ ಇದ್ದಾರೆ. ಬೆಟ್ಟದ ರಂಗನಾಥಸ್ವಾಮಿ ತಮ್ಮ ಹೆಣ್ಣುಮಗಳು ಕುಸುಮಾಲೆಯನ್ನು ಮದುವೆಯಾದ ಎಂದು ನಂಬಿ ಅವನನ್ನು 'ರಂಗಭಾವ' ಎಂದು ಕರೆಯುವ ಜನ ಇವರು. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರವೂ ಇವರಿಗೆ ದೇವರೇ. ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ 'ಎಲ್ಲೆ' ಇದೆ. ಅದರೊಳಗಿನ ದೇವರ ಜಾಗ, ನೀರಿನ ಜಾಗ, ಸಮಾಧಿಗಳ ಜವಾಬ್ದಾರಿ ಆ ಕುಲದ್ದೇ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಅದು ಸರಿಯೇ. ಆದರೆ ಕಾಡು ಕಡಿದು ರಾಗಿ ಬೆಳೆಯುವುದೂ ನಿಂತಿತು. ಒಳಗಿನ ಎಷ್ಟೋ ಕುಟುಂಬಗಳನ್ನು ರಸ್ತೆ ಬದಿಯ ಪೋಡುಗಳಿಗೆ ತಂದು ಕೂರಿಸಿದರು. 2002ರಲ್ಲಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಜೇನು, ನೆಲ್ಲಿ, ಸೀಗೆ ತಂದು ಮಾರುವುದಕ್ಕೂ ತಡೆ ಬಿತ್ತು. ಕೂಲಿಗೆ ಊರು ಬಿಡುವುದೊಂದೇ ದಾರಿ ಎಂಬ ಸ್ಥಿತಿ ಬಂತು.

ಇನ್ನೊಂದು ತಡೆಯ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಬೇಸಿಗೆ ಬಲಿಯುವ ಮೊದಲು ಸೋಲಿಗರು ನೆಲದ ಒಣಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ 'ತರಗು ಬೆಂಕಿ' ಎನ್ನುತ್ತಾರೆ. ಅದು ನೆಲದ ಮೇಲೇ ಹರಿದು ಆರಿಹೋಗುತ್ತಿತ್ತು, ಮರ ಸುಡುತ್ತಿರಲಿಲ್ಲ. ಅದರಿಂದ ಹೊಸ ಹುಲ್ಲು ಬರುತ್ತಿತ್ತು, ನೆಲ್ಲಿ ಮರಕ್ಕೆ ಬದನಿಕೆ ಹತ್ತುತ್ತಿರಲಿಲ್ಲ, ಲಂಟಾನ ಏಳುತ್ತಿರಲಿಲ್ಲ ಎಂಬುದು ಹಿರಿಯರ ಮಾತು. ಬೆಂಕಿ ನಿಷೇಧವಾದ ಮೇಲೆ ಲಂಟಾನ ಕಾಡನ್ನೇ ಮುಚ್ಚಿತು. ಲಂಟಾನದ ಕೆಳಗೆ ಹುಲ್ಲಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಡವೆಗೆ ಮೇವಿಲ್ಲ. ಅವು ಕಡಿಮೆಯಾದರೆ ಹುಲಿಗೂ ಆಹಾರವಿಲ್ಲ. ಒಣಗಿದ ಲಂಟಾನಕ್ಕೆ ಕಿಡಿ ಬಿದ್ದರಂತೂ ದೊಡ್ಡ ಬೆಂಕಿಯೇ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎತ್ತಂಗಡಿ ಮಾಡುತ್ತಾರೆಂಬ ಭಯ ಪೋಡುಗಳಲ್ಲಿ ಹಬ್ಬಿತು. ಆಗ ಸೋಲಿಗರು ಹಿಡಿದದ್ದು 2006ರ ಅರಣ್ಯ ಹಕ್ಕು ಕಾಯ್ದೆಯನ್ನು. ಗ್ರಾಮಸಭೆಗಳಲ್ಲಿ ಕೂತು ಅರ್ಜಿ ಬರೆದರು, ತಮ್ಮ ಎಲ್ಲೆಗಳ ನಕ್ಷೆ ಮಾಡಿದರು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು.

ಹಾಗಂತ ಎಲ್ಲವೂ ಮುಗಿಯಲಿಲ್ಲ. ಜೇನು, ನೆಲ್ಲಿ ತರುವ ಹಕ್ಕು ಒಂದಾದರೆ, ಕಾಡನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳುವ ಹಕ್ಕು ಇನ್ನೊಂದು. ತರಗು ಬೆಂಕಿಯ ಮಾತು ಇಂದಿಗೂ ಇತ್ಯರ್ಥವಾಗಿಲ್ಲ.

ಕಾಡಂಚಿನ ಓದುಗರು ಒಂದು ವಿಷಯ ನೆನಪಿಡಬೇಕು. ಅರಣ್ಯ ಹಕ್ಕು ಕಾಯ್ದೆ ಕೊಡುವುದು ಬರೀ ಜಮೀನಿನ ಪಟ್ಟಾ ಅಲ್ಲ. ಅದರ 5ನೇ ಸೆಕ್ಷನ್ ಕಾಡು, ವನ್ಯಜೀವಿ, ನೀರಿನ ಮೂಲಗಳನ್ನು ಕಾಯುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಡುತ್ತದೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಈ ಸೆಕ್ಷನ್ ಬಗ್ಗೆ ಕೇಳಿ.